ಹದಿನೇಳನೆಯ ಮನೆಯ ಮೇಲೆ ವಿಮಾನ

ಬಸ್ತಿಹಳ್ಳಿ
೯ ಜೂನ್ ೨೦೨೪

ಲೋ ಕಲ್ಲೇಶ,

ಈ ಸಲ ತಡ ಮಾಡಿದವನು ನಾನೇ, ಬೈದುಕೋ. ಆಟದ ನಿನ್ನ ನಡೆ ಬರೆದ ಕಾಗದ ಏಪ್ರಿಲ್ ಹದಿನೆಂಟಕ್ಕೇ ಬಂದಿತ್ತು. ಮೇ ತಿಂಗಳಲ್ಲಿ ಹಾಸನದಲ್ಲಿ ನನ್ನ ಎಡಗಾಲಿನ ಮಂಡಿ ಆಪರೇಷನ್ ಆಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಬಾಗಿಲಲ್ಲಿ ಯಾರ ನೆರಳು ಆಡಿದರೂ ನೀನೇ ಬಂದೆ ಅಂದುಕೊಂಡೆ. ಬರಲಿಲ್ಲ. ಹೋಗಲಿ, ನನಗೆ ಮಂಡಿ ನೋವು, ನಿನಗೆ ಮಂಡಿ ವ್ಯಾಪಾರ. ಕೊಬ್ಬರಿ ಬಿಟ್ಟು ನೀನು ಅರಸೀಕೆರೆಯಿಂದ ಕದಲುವವನಲ್ಲ.

ನಾನು ಇಲ್ಲದಾಗ ನಮ್ಮ ಸೊಸೆ ಹೇಮಾಶ್ರೀ ಕೋಣೆ ಗುಡಿಸಲು ಹೋಗಿ ಇಡೀ ಯುದ್ಧವನ್ನು ಮೊರಕ್ಕೆ ತುಂಬಿಟ್ಟಿದ್ದಳು. ಟ್ಯಾಂಕು, ಹಡಗು, ವಿಮಾನ ಎಲ್ಲ ಅವರೆಕಾಳಿನ ಹಾಗೆ ಒಟ್ಟಿಗೆ. ನಿನ್ನ ಹಳೆಯ ಕಾಗದಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಮತ್ತೆ ನಕ್ಷೆಯ ಮೇಲೆ ಅದರದರ ಮನೆಗೆ ಸೇರಿಸಿದೆ. ಅಸಲು ಡಬ್ಬ, ಅಸಲು ನಕ್ಷೆ, ಅಸಲು ನಿಯಮದ ಪುಸ್ತಕ ಎಲ್ಲ ನಿನ್ನ ಹತ್ತಿರ ಇದೆ, ನಿನಗೇನು ಕಷ್ಟ? ನನ್ನದು ಡ್ರಾಯಿಂಗ್ ಹಾಳೆಯ ನಕಲು. ಹಳೇಬೀಡಿನ ಶಿಲ್ಪಿ ರಘು ಬಳಪದ ಕಲ್ಲಿನಲ್ಲಿ ಮಾಡಿಕೊಟ್ಟ ವಿಮಾನಗಳಲ್ಲಿ ಒಂದರ ರೆಕ್ಕೆ ಈಗ ಮುರಿದಿದೆ. "ಮಾವ, ಮೂವತ್ತೈದು ವರ್ಸದಿಂದ ಕಾಗ್ದದಲ್ಲೇ ಹೊಡೆದಾಡ್ತಾ ಇದೀರಲ್ಲ, ಯಾರು ಗೆದ್ರಿ?" ಎಂದು ಹೇಮಾಶ್ರೀ ಕಿವಿಯ ಹತ್ತಿರ ಕೂಗಿ ಕೇಳಿದಳು. ಇದು ಹನ್ನೊಂದನೆಯ ಯುದ್ಧ, ನಾನು ಆರು ಗೆದ್ದಿದ್ದೇನೆ, ಅವನು ನಾಲ್ಕು ಅಂದೆ. ಸರಿಯಷ್ಟೆ?

ಈಗ ನನ್ನ ನಡೆ. ೨೦ರಲ್ಲಿದ್ದ ನನ್ನ ಒಂದು ವಿಮಾನ ೧೬ಕ್ಕೆ ಬಂದು ಕೂತಿದೆ. ಉಳಿದದ್ದೆಲ್ಲ ಇದ್ದಲ್ಲೇ.

ಫೋನು ಮಾಡಬೇಡ. ಇಪ್ಪತ್ತು ವರ್ಷ ವಿಮಾನದ ಎಂಜಿನ್ನುಗಳ ಪಕ್ಕ ನಿಂತ ಕಿವಿ, ಮೆಷಿನ್ ಹಾಕಿದರೂ ಫೋನಿನಲ್ಲಿ ಬರೀ ಸಿಳ್ಳೆ. ಆಗಸ್ಟ್ ಮುಗಿಯುವವರೆಗೆ ಬಸ್ಸು ಹತ್ತಬಾರದು ಎಂದು ಡಾಕ್ಟರ ಅಪ್ಪಣೆ. ಬರೆ.

ನಿನ್ನ
ನಂಜ


ಅರಸೀಕೆರೆ
21 ಜೂನ್ 2024

ಶ್ರೀ ನಂಜುಂಡಯ್ಯನವರಿಗೆ ಕಲ್ಲೇಶಪ್ಪನ ಶರಣು.

ನಿಮ್ಮ ಕಾಗದ ತಲುಪಿತು. ನಿಮ್ಮ ಆಪರೇಷನ್ ಸುದ್ದಿ ತಿಳಿದು ಬಹಳ ಬೇಸರವಾಯಿತು. ನನಗೆ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರುವ ಹಾಗಿರಲಿಲ್ಲ, ಆ ದಿನಗಳಲ್ಲಿ ಇಲ್ಲಿ ಸ್ವಲ್ಪ ತೊಂದರೆಯಿತ್ತು. ನನ್ನ ಬಲಗೈ ಉಳುಕಿದೆ. ಆದ್ದರಿಂದ ನನ್ನ ಹೆಂಡತಿ ಗುರುಸಿದ್ದಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡಿ.

ನನ್ನ ನಡೆ: ನೀವು 17ರಲ್ಲಿ ಇಟ್ಟಿರುವ ವಿಮಾನದ ಮೇಲೆ, 14ರಲ್ಲಿದ್ದ ನನ್ನ ಎರಡೂ ಹಸಿರು ವಿಮಾನಗಳು ಹೊರಟಿವೆ. ಎರಡು ಇದ್ದವನು ಒಂದು ಇದ್ದವನನ್ನು ಗೆಲ್ಲುತ್ತಾನೆ ಎಂದು ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆದಿರುವುದರಿಂದ ನಿಮ್ಮ ವಿಮಾನ ಬಿದ್ದಂತಾಯಿತು.

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ. ಡಾಕ್ಟರನ್ನು ಕೇಳಿ ಹಚ್ಚಿಕೊಳ್ಳಿ.

ಇತಿ,
ಕಲ್ಲೇಶಪ್ಪ


ಬಸ್ತಿಹಳ್ಳಿ
೨೬ ಜೂನ್ ೨೦೨೪

ಲೋ ಕಲ್ಲೇಶ,

ಕೈ ಉಳುಕಿದೆಯೋ ತಲೆ ಉಳುಕಿದೆಯೋ? ನನ್ನ ವಿಮಾನ ಇರುವುದು ಹದಿನಾರರಲ್ಲಿ. ಈ ಸಲ ಅಕ್ಷರದಲ್ಲೇ ಬರೆದಿದ್ದೇನೆ ನೋಡು: ಹದಿನಾರು. ನನ್ನ ಆರು ಏಳಿನ ಹಾಗೆ ಕಾಣುತ್ತದೆ ಎಂದು ನೀನು ಮೊದಲಿಂದಲೂ ಆಡಿಕೊಳ್ಳುವವನು. ಆದರೆ ಅದನ್ನು ಏಳು ಎಂದು ಓದಿ ಮೋಸ ಹೋದದ್ದು ಇದೇ ಮೊದಲು.

ಹದಿನೇಳು ಬೂದು ಮನೆ ಕಣೋ! ನಕ್ಷೆಯ ನಟ್ಟನಡುವೆ ಇರುವ ಪರ್ವತ. ಅಲ್ಲಿಗೆ ನಾನು ವಿಮಾನ ಇಡುತ್ತೇನೆಯೇ? ನೀನು ಕಳಿಸುತ್ತೀಯಾ? ಪುಸ್ತಕದಲ್ಲಿ ಏನಿದೆ? ಬೂದು ಮನೆ ದುರ್ಗಮ, ಯಾವ ತುಕಡಿಯೂ ಅದನ್ನು ಪ್ರವೇಶಿಸುವಂತಿಲ್ಲ. ಟ್ಯಾಂಕಿಗೂ ಅದೇ, ಕಾಲಾಳಿಗೂ ಅದೇ, ವಿಮಾನಕ್ಕೂ ಅದೇ. ವಿಮಾನಕ್ಕೆ ಒಂದು ಸರದಿಗೆ ನಾಲ್ಕು ಮನೆ. ನಿನ್ನ ೧೪ರಿಂದ ನನ್ನ ಬಂದರು ಇರುವ ೨೧ಕ್ಕೆ ಪರ್ವತದ ಮೇಲೆ ಹಾರಿದರೆ ಎರಡೇ ಹೆಜ್ಜೆ, ಸುತ್ತಿ ಬಂದರೆ ಐದು. ಆ ಒಂದು ಹೆಜ್ಜೆಯ ಕೊರತೆಯಿಂದಲೇ ಅಲ್ಲವೇ ನೀನು ಪ್ರತಿ ಸಲ ನಡುವೆ ಎಲ್ಲಾದರೂ ಇಳಿಯಬೇಕಾಗುವುದು, ನಾನು ಅಲ್ಲಿ ಕಾದು ಹೊಡೆಯುವುದು? ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ಎರಡನೆಯ ಯುದ್ಧದಲ್ಲಿ ನಾನೇ ಹಾರಿಸಲು ಹೋದಾಗ ನಾಲ್ಕು ಪುಟ ಬೈದು ಬರೆದವನು ನೀನು.

ಇನ್ನೊಂದು ಮಾತು. ಕಾಗದದ ತುಂಬ ಇದೇನು "ನೀವು", "ನಿಮ್ಮ"? ಗುರುಸಿದ್ದಮ್ಮನವರು ಸಂಕೋಚಕ್ಕೆ ಹಾಗೆ ತಿದ್ದಿ ಬರೆದರೋ ಏನೋ. ನೀನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ಹೇಳು.

ನಡೆ ಬದಲಿಸಿ ಕಳಿಸು. ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಂಜ


ಅರಸೀಕೆರೆ
8 ಜುಲೈ 2024

ಶ್ರೀ ನಂಜುಂಡಯ್ಯನವರಿಗೆ ಶರಣು.

ನಿಮ್ಮ ವಿಮಾನವನ್ನು 16ಕ್ಕೆ ಎತ್ತಿಟ್ಟಾಯಿತು. ಅದು ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ನನ್ನ ಎರಡು ವಿಮಾನಗಳು 17ರಲ್ಲೇ ಇರುತ್ತವೆ.

ಪುಸ್ತಕವನ್ನು ಇನ್ನೊಮ್ಮೆ ತೆಗೆಸಿ ಓದಿಸಿದೆ. ಪಕ್ಕದ ಮನೆಯ ಬಿ.ಎ. ಓದುವ ಸೌಂದರ್ಯ ಡಿಕ್ಷನರಿ ನೋಡಿ ಅದರ ಇಂಗ್ಲಿಷಿಗೆ ಅರ್ಥ ಹೇಳಿದಳು. "ಪ್ರವೇಶಿಸುವಂತಿಲ್ಲ" ಎಂದಿದೆಯೇ ಹೊರತು "ಮೇಲೆ ಹಾರುವಂತಿಲ್ಲ" ಎಂದು ಎಲ್ಲಿಯೂ ಇಲ್ಲ. ನಮ್ಮ ಮಾಳಿಗೆಯ ಮೇಲೆ ದಿನಕ್ಕೆ ನೂರು ಕಾಗೆ ಹಾರುತ್ತವೆ. ಅವೆಲ್ಲ ನಮ್ಮ ಮನೆಗೆ ಬಂದಂತಾಯಿತೆ? ಬೆಟ್ಟ ಅಡ್ಡ ಇರುವುದು ನಡೆಯುವವನಿಗೆ. ರೆಕ್ಕೆ ಇದ್ದವನಿಗೂ ಬೆಟ್ಟ ಅಡ್ಡ ಎಂದರೆ ಆ ರೆಕ್ಕೆ ಯಾತಕ್ಕೆ? ಹಿಮಾಲಯದ ಮೇಲೆ ವಿಮಾನ ಹೋಗುವುದನ್ನು ಟಿವಿಯಲ್ಲಿ ನಾನೇ ನೋಡಿದ್ದೇನೆ.

ನಾನು ಬಹಳ ಯೋಚಿಸಿಯೇ ಅಲ್ಲಿ ಇಟ್ಟಿದ್ದೇನೆ. ದಯವಿಟ್ಟು ಬದಲಿಸಲು ಹೇಳಬೇಡಿ. ನಿಮ್ಮ ಮುಂದಿನ ನಡೆ ಕಳಿಸಿ. ನಿಮ್ಮ ಕಾಗದ ಬಂದ ದಿನ ಮನಸ್ಸಿಗೆ ಗೆಲುವಾಗಿರುತ್ತದೆ.

ಇತಿ,
ಕಲ್ಲೇಶಪ್ಪ


ಬಸ್ತಿಹಳ್ಳಿ
೧೫ ಜುಲೈ ೨೦೨೪

ಕಲ್ಲೇಶ,

ನಿನ್ನ ಕಾಗದ ಮೂರು ಸಲ ಓದಿದೆ. ತಮಾಷೆಯೋ, ನಿಜವೋ ತಿಳಿಯಲಿಲ್ಲ.

ಈ ಆಟದ ಯುದ್ಧ ನಮ್ಮಪ್ಪನ ಕಾಲದ್ದು. ಆಗಿನ ವಿಮಾನಗಳಿಗೆ ಅಷ್ಟು ಎತ್ತರ ಏರುವ ಉಸಿರು ಇರಲಿಲ್ಲ. ಕಣಿವೆ ಹುಡುಕಿಕೊಂಡು ಹೋದವು ಮೋಡದೊಳಗೆ ಬಂಡೆಗೆ ಬಡಿದವು. ದುರ್ಗಮ ಎಂದರೆ ನೆಲ ಅಷ್ಟೇ ಅಲ್ಲವಪ್ಪ, ಅದರ ಮೇಲಿನ ಗಾಳಿಯೂ ಸೇರಿ ದುರ್ಗಮ. ಇನ್ನು ಆಟದ ಮಾತು. ಆಟದಲ್ಲಿ ಹಾರುವುದು ಎಂದರೆ ಮನೆಯಿಂದ ಮನೆಗೆ ಹೆಜ್ಜೆ ಇಡುವುದು. ಹೆಜ್ಜೆ ಇಟ್ಟ ಮೇಲೆ ಪ್ರವೇಶಿಸಿದ ಹಾಗೆಯೇ. ಅದು ಬೇಡವೆಂದರೆ ಆ ಪರ್ವತವನ್ನು ನಕ್ಷೆಯಲ್ಲಿ ಬರೆದದ್ದಾದರೂ ಏಕೆ?

ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದೂ ಕಾಗೆ ಕಥೆ ಹೇಳುತ್ತೀಯ. ಮತ್ತೆ "ನೀವು" ಅನ್ನುತ್ತೀಯ. ಐವತ್ತೆರಡು ವರ್ಷ "ಲೋ ನಂಜ" ಎಂದ ಬಾಯಿ. ಊರಿನ ಸಾಹುಕಾರರು ಸಾಲಗಾರನಿಗೆ ಬರೆದ ಹಾಗಿದೆ. ಆಸ್ಪತ್ರೆಗೂ ಬರಲಿಲ್ಲ. ನನ್ನಿಂದ ಏನಾಗಿದೆ, ಬಾಯಿಬಿಟ್ಟು ಹೇಳಿಬಿಡು.

ನನ್ನ ನಡೆ ಇಲ್ಲ. ನೀನು ಪರ್ವತದಿಂದ ಇಳಿಯುವವರೆಗೆ ನಾನು ಆಡುವುದಿಲ್ಲ.

ನಂಜುಂಡಯ್ಯ


ಅರಸೀಕೆರೆ
27 ಜುಲೈ 2024

ಶ್ರೀ ನಂಜುಂಡಯ್ಯನವರಿಗೆ,

ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮಿಂದ ಏನೂ ಆಗಿಲ್ಲ. ಆದರೆ ವಿಮಾನಗಳನ್ನು ಇಳಿಸಲು ನನ್ನಿಂದ ಆಗುವುದಿಲ್ಲ, ಕಾರಣ ಬರೆಯಲೂ ಆಗುವುದಿಲ್ಲ. ಬೇಕಾದರೆ ಈ ಯುದ್ಧದಲ್ಲಿ ನೀವೇ ಗೆದ್ದಿರಿ ಎಂದು ಬರೆದುಕೊಳ್ಳಿ, ಆದರೆ ಆಟ ನಿಲ್ಲಿಸಬೇಡಿ. ಕಾಗದ ಹಾಕುವುದನ್ನು ನಿಲ್ಲಿಸಬೇಡಿ. ಕೈ ಮುಗಿದು ಕೇಳುತ್ತೇನೆ.

ಕಲ್ಲೇಶಪ್ಪ


ಬಸ್ತಿಹಳ್ಳಿ
೩ ಆಗಸ್ಟ್ ೨೦೨೪

ಕಲ್ಲೇಶ,

ಕೈ ಮುಗಿದೆಯಂತೆ. ನೀನು ಯಾರಿಗೂ ಕೈ ಮುಗಿಯುವವನಲ್ಲ. ಈ ವ್ಯಂಗ್ಯ ನನಗೆ ಅರ್ಥವಾಗುತ್ತದೆ.

ಇಷ್ಟು ದಿನ ತಲೆ ಕೆರೆದುಕೊಂಡು ಕೊನೆಗೆ ಹೊಳೆಯಿತು. ಕಣಕಟ್ಟೆಯ ಹಳೆಯ ಮನೆ ಕೆಡವಿಸುತ್ತೇನೆ ಎಂದು ಮಾರ್ಚಿನಲ್ಲಿ ನೀನು ಬರೆದಿದ್ದೆ. ನಿನ್ನ ತಾಯಿಯ ಪೆಟ್ಟಿಗೆಯಲ್ಲಿ ಆ ಕಂದು ಲಕೋಟೆ ಸಿಕ್ಕಿದೆ. ಅವರು ಅದನ್ನು ಒಲೆಗೆ ಹಾಕಿದರೋ ಪೆಟ್ಟಿಗೆಗೆ ಹಾಕಿದರೋ ನಾನು ನಿಂತು ನೋಡಲಿಲ್ಲ. ಅದಕ್ಕೇ ಈ "ನೀವು". ಅದಕ್ಕೇ ವಿಮಾನವನ್ನು ಹೋಗಬಾರದ ಕಡೆ ತಂದು ಇಟ್ಟು ನನ್ನನ್ನು ಚುಚ್ಚುತ್ತಿದ್ದೀಯ. ಸರಿ, ನಾನೇ ಹೇಳಿಬಿಡುತ್ತೇನೆ.

ಎಪ್ಪತ್ಮೂರನೆಯ ಇಸವಿ, ನವೆಂಬರ್. ನಾವಿಬ್ಬರೂ ಅರಸೀಕೆರೆ ಸ್ಟೇಷನ್ ಹಿಂದಿನ ರೂಮಿನಲ್ಲಿದ್ದೆವು. ವಾಯುಸೇನೆಯ ಪರೀಕ್ಷೆ ಇಬ್ಬರೂ ಬರೆದಿದ್ದೆವು. ನೀನು ತಿಪಟೂರಿಗೆ ಮದುವೆಗೆ ಹೋಗಿದ್ದ ದಿನ ನಿನ್ನ ಹೆಸರಿಗೆ ಆ ಲಕೋಟೆಯಲ್ಲಿ ಕರೆ ಬಂತು. ನಿನ್ನದು ಬಂತು. ನನ್ನದು ಬಂದಿರಲಿಲ್ಲ. ಅದಕ್ಕೆ ಹದಿನೈದು ದಿನ ಮೊದಲು ನಿಮ್ಮ ಮನೆಗೆ ಊಟಕ್ಕೆ ಬಂದಾಗ ನಿನ್ನ ತಾಯಿ ಹಿತ್ತಲಿಗೆ ಕರೆದು ಹೇಳಿದ್ದರು: "ಒಬ್ನೇ ಮಗ ಕಣಪ್ಪಾ ನಂಜ. ಇವ್ನು ಆಕಾಶಕ್ಕೋದ್ರೆ ನಾನ್ ಯಾರ್ ಮಖ ನೋಡ್ಕಂಡಿರ್ಲಿ? ಕಾಗ್ದ ಬಂದ್ರೆ ನನ್ ಕೈಗ್ ಕೊಡು." ನಾನು ಸೈಕಲ್ಲಿನಲ್ಲಿ ಕಣಕಟ್ಟೆಗೆ ಹೋಗಿ ಕೊಟ್ಟು ಬಂದೆ.

ಎಂಟು ದಿನಕ್ಕೆ ನನ್ನದೂ ಬಂತು. "ನನ್ನದು ಏಕೆ ಬರಲಿಲ್ಲ" ಎಂದು ನೀನು ಊಟ ಬಿಟ್ಟು ಕೂತೆ. ವಿಚಾರಿಸಿಕೊಂಡು ಬರುತ್ತೇನೆ ಎಂದು ನಾನು ಬೆಂಗಳೂರಿಗೆ ಹೋದೆ. ಕಚೇರಿಗೆ ಹೋಗಲಿಲ್ಲ. ಎರಡು ದಿನ ಸುಮ್ಮನೆ ಅಲೆದು ಬಂದು, ನಿನ್ನ ಕಿವಿ ಮಂದವಂತೆ, ವೈದ್ಯರು ಹಾಗೆ ಬರೆದಿದ್ದಾರಂತೆ ಎಂದೆ. ನೀನು ನಂಬಿದೆ.

ತಾಯಿಯ ಮಾತಿಗೆ ಕಟ್ಟುಬಿದ್ದು ಕೊಟ್ಟೆ ಎಂದು ಐವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ. ನೀನೊಬ್ಬನೇ ಹೋಗಿಬಿಡುತ್ತೀಯ ಎನ್ನುವುದು ಇನ್ನರ್ಧ. ಎಂಬತ್ತೊಂಬತ್ತರಲ್ಲಿ ನಮ್ಮ ಸಾಹೇಬರು ವರ್ಗವಾಗಿ ಹೋಗುವಾಗ ಈ ಆಟದ ಡಬ್ಬ ಬಿಟ್ಟು ಹೋದರು. ನೋಡಿದ ತಕ್ಷಣ ನಿನಗೇ ತಂದುಕೊಡಬೇಕು ಎನ್ನಿಸಿತು. ವಿಮಾನ ಮುಟ್ಟಬೇಕಾದ ಕೈ ಕೊಬ್ಬರಿ ಒಡೆಯುತ್ತಿತ್ತು. ಕೊಟ್ಟದ್ದು ಪ್ಲಾಸ್ಟಿಕ್ ವಿಮಾನ. ನೀನು ಎಷ್ಟು ಖುಷಿಪಟ್ಟೆ ಎಂದರೆ ನಾನು ಎದ್ದು ಹೊರಗೆ ಹೋಗಬೇಕಾಯಿತು.

ಇನ್ನು ನೀನು ಏನು ಬೇಕಾದರೂ ಬರೆ. ಬರೆಯದಿದ್ದರೂ ಸರಿ.

ನಂಜ


ಅರಸೀಕೆರೆ
20 ಆಗಸ್ಟ್ 2024

ನಂಜಣ್ಣನವರಿಗೆ ಗುರುಸಿದ್ದಮ್ಮ ಮಾಡುವ ಶರಣು ಶರಣಾರ್ಥಿ.

ಈ ಕಾಗದ ನನ್ನದು. ಹಿಂದಿನ ಮೂರೂ ನನ್ನವೇ. ನಿಮ್ಮ ಸ್ನೇಹಿತರು ಅದರಲ್ಲಿ ಒಂದು ಅಕ್ಷರವನ್ನೂ ಹೇಳಿ ಬರೆಸಿದ್ದಲ್ಲ. ಅವರಿಗೆ ಮಾತು ಹೋಗಿದೆ.

ಏಪ್ರಿಲ್ ಇಪ್ಪತ್ತೆಂಟು, ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಲಕ್ವ ಹೊಡೆಯಿತು. ಬಲಗೈ, ಬಲಗಾಲು ಇಲ್ಲ. ನೀವು ಹಾಸನದಲ್ಲಿ ಮಂಡಿಗೆ ಮಲಗಿದ್ದಾಗ ನಾವೂ ಹಾಸನದಲ್ಲೇ ಇನ್ನೊಂದು ಆಸ್ಪತ್ರೆಯಲ್ಲಿದ್ದೆವು. ಈಗ ಮನೆಯಲ್ಲೇ ಮಂಚದ ಮೇಲೆ. ಬಾಯಲ್ಲಿ ಬರುವುದು ಒಂದೇ ಶಬ್ದ, "ಹೂಂ". ಊಟ ಬೇಕಾ ಎಂದರೂ ಹೂಂ, ಬೇಡವಾ ಎಂದರೂ ಹೂಂ. ತಲೆ ಆಡಿಸುವುದೂ ಹಾಗೆಯೇ, ನೆಚ್ಚುವ ಹಾಗಿಲ್ಲ. ಒಳಗೆ ಎಷ್ಟು ಅರ್ಥವಾಗುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರು. ಇದ್ದಕ್ಕಿದ್ದಂತೆ ಅಳುತ್ತಾರೆ, ನಗುತ್ತಾರೆ. ಅದಕ್ಕೆ ಅರ್ಥ ಹಚ್ಚಬೇಡಿ, ನರದ ದೌರ್ಬಲ್ಯ ಅದು ಎಂದರು.

ಒಂದೂವರೆ ತಿಂಗಳು ಯಾವುದರ ಕಡೆಗೂ ಕಣ್ಣು ಹಾಯಿಸದವರು, ನಿಮ್ಮ ಜೂನ್ ಕಾಗದ ನಾನು ಓದಿದಾಗ ಕತ್ತು ತಿರುಗಿಸಿದರು. ಬದುಕಿದ ಜೀವಕ್ಕೆ ಇನ್ನೇನು ಬೇಕು? ಓಡಿ ಹೋಗಿ ಡಬ್ಬ ತಂದು ಸ್ಟೂಲಿನ ಮೇಲೆ ನಕ್ಷೆ ಹಾಸಿದೆ. ನೀವು ಬರೆದ ಹಾಗೆ ನಿಮ್ಮ ಕೆಂಪು ವಿಮಾನ ಇಟ್ಟೆ, ಹದಿನೇಳು ಎಂದುಕೊಂಡು. ಅವರು ಎಡಗೈ ಎತ್ತಿ ಅಲ್ಲಿಗೇ ಬೆರಳು ತೋರಿಸಿದರು. ಅಷ್ಟು ದಿನದಲ್ಲಿ ಮೊದಲ ಸಲ! "ಏನ್ರೀ, ನಮ್ ವಿಮಾನ ಅಲ್ಲಿಗ್ ಕಳಿಸ್ಲಾ?" ಎಂದೆ. "ಹೂಂ" ಎಂದರು. ಕಳಿಸಿದೆ. ಮತ್ತೆ ಬೆರಳು ತೋರಿಸಿದರು. ನೀವು ಅದು ದುರ್ಗಮ ಎಂದಿರಿ, ಆದರೆ ಅವರು ದಿನವೂ ಅಲ್ಲಿಗೇ ಬೆರಳು ತೋರಿಸುತ್ತಿದ್ದರು. ಯಾರ ಮಾತು ಕೇಳಲಿ ನಾನು? ನಿಮ್ಮ ಪುಸ್ತಕದ ಮಾತೋ, ನನ್ನ ಗಂಡನ ಬೆರಳೋ? ಅದಕ್ಕೇ ಕಾಗೆ ಗುಬ್ಬಿ ಎಂದೆಲ್ಲ ಬರೆದೆ. ನಿಮಗೆ ಹೇಳಿದರೆ ಆಟ ಬಿಟ್ಟು ಕನಿಕರಕ್ಕೆ ಇಳಿಯುತ್ತೀರಿ, ಇವರ ಬೆರಳು ಮತ್ತೆ ಏಳದೆ ಹೋದೀತು ಎಂದು ಹೆದರಿ ಮುಚ್ಚಿಟ್ಟೆ.

"ನೀವು" ಎಂದು ಬರೆದದ್ದಕ್ಕೆ ಇಷ್ಟೆಲ್ಲ ಆಗುತ್ತದೆ ಎಂದು ನನಗೇನು ಗೊತ್ತು? ಗಂಡನ ಸ್ನೇಹಿತರಿಗೆ "ಲೋ" ಎಂದು ಬರೆಯಲು ನನ್ನ ಕೈ ಬರಲಿಲ್ಲ, ಅಷ್ಟೇ.

ಕಣಕಟ್ಟೆಯ ಮನೆಯ ಒಂದು ಹೆಂಚನ್ನೂ ಇನ್ನೂ ತೆಗೆದಿಲ್ಲ. ಯಾವ ಲಕೋಟೆಯೂ ಸಿಕ್ಕಿಲ್ಲ. ನಿಮ್ಮನ್ನು ಯಾರೂ ಏನೂ ಕೇಳಿರಲಿಲ್ಲ, ಅಣ್ಣಾ.

ನಿಮ್ಮ ಕಾಗದಗಳನ್ನು ಬೆಳಿಗ್ಗೆ ಅವರ ಮೈ ಒರೆಸಿದ ಮೇಲೆ ಗಟ್ಟಿಯಾಗಿ ಓದುತ್ತೇನೆ. ನಿಮ್ಮ ಈ ಕಡೆಯ ಕಾಗದವನ್ನೂ ಹಾಗೆಯೇ ಶುರು ಮಾಡಿದೆ. ಲಕೋಟೆ ಎಂದಾಗ ಏನೋ ಎಂದುಕೊಂಡೆ. ನಡುವೆ ನಿಲ್ಲಿಸಲು ತೋಚಲಿಲ್ಲ. ಮುಗಿಯುವವರೆಗೂ ಓದಿಬಿಟ್ಟೆ. ಅವರು ಅತ್ತರು. ನಿಮ್ಮ ಮಾತಿಗೆ ಅತ್ತರೋ ನರಕ್ಕೆ ಅತ್ತರೋ ನನಗೆ ತಿಳಿಯದು. ಕೇಳಿದರೆ "ಹೂಂ".

ಗುರುಸಿದ್ದಮ್ಮ


ಬಸ್ತಿಹಳ್ಳಿ
೨೪ ಆಗಸ್ಟ್ ೨೦೨೪

ತಂಗಿ ಗುರುಸಿದ್ದಮ್ಮನವರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಕಾಗದ ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಲಕ್ವ ಹೊಡೆದು ಮಲಗಿದವನಿಗೆ "ತಲೆ ಉಳುಕಿದೆಯೋ" ಎಂದು ಬರೆದೆನಲ್ಲ. ಅದನ್ನೂ ಗಟ್ಟಿಯಾಗಿ ಓದಿದಿರಾ? ಓದಿರುತ್ತೀರಿ.

ಬೇರೆಲ್ಲ ಆಮೇಲೆ. ಒಂದು ವಿಷಯ ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ಅವನು ಆ ಹದಿನೇಳಕ್ಕೆ ಬೆರಳು ತೋರಿಸಿದ್ದು ನೀವು ಅಲ್ಲಿ ವಿಮಾನ ಇಡುವ ಮೊದಲೋ, ಇಟ್ಟ ಮೇಲೋ? ಮೊದಲನೆಯ ದಿನ ನನ್ನ ಕೆಂಪು ವಿಮಾನವನ್ನು ತಪ್ಪಾಗಿ ಅಲ್ಲಿ ಇಟ್ಟ ಮೇಲೇ ಅಲ್ಲವೇ ಬೆರಳು ಎದ್ದದ್ದು?

ಹೀಗೆ ಮಾಡಿ. ಬೂದು ಮನೆಯನ್ನು ಖಾಲಿ ಮಾಡಿ ಸುಮ್ಮನೆ ಕೂತು ನೋಡಿ. ಏನೂ ಕೇಳಬೇಡಿ, "ಹೂಂ" ನಮಗೆ ಬೇಡ. ಆಮೇಲೆ ಅಲ್ಲಿ ಒಂದು ಟ್ಯಾಂಕು ಇಟ್ಟು ನೋಡಿ. ತೆಗೆದು, ವಿಮಾನವನ್ನು ಅವನದೇ ಹದಿಮೂರಕ್ಕೆ ಇಟ್ಟು ನೋಡಿ. ಬೆರಳನ್ನು ಮಾತ್ರ ನೋಡಿ.

ಒಂದು ಅನುಮಾನ ಇದೆ. ಸುಳ್ಳಾದರೆ ನಿಮಗೆ ಆಸೆ ಹುಟ್ಟಿಸಿದ ಪಾಪ ನನಗೆ.

ನಂಜುಂಡಯ್ಯ


ಅರಸೀಕೆರೆ
30 ಆಗಸ್ಟ್ 2024

ನಂಜಣ್ಣನವರಿಗೆ ಶರಣು.

ನೀವು ಹೇಳಿದಂತೆ ಮಾಡಿದೆ. ಬೂದು ಮನೆ ಖಾಲಿ ಮಾಡಿ ಕೂತೆ. ಅರ್ಧ ಗಂಟೆ ಕೈ ಎತ್ತಲಿಲ್ಲ, ನಕ್ಷೆಯನ್ನೇ ನೋಡುತ್ತಿದ್ದರು. ಟ್ಯಾಂಕು ಇಟ್ಟೆ. ಬೆರಳು ಎದ್ದಿತು. ತೆಗೆದೆ, ಇಳಿಯಿತು. ವಿಮಾನವನ್ನು ಹದಿಮೂರರಲ್ಲಿ ಇಟ್ಟೆ, ಸುಮ್ಮನಿದ್ದರು. ಅದನ್ನೇ ಎತ್ತಿ ಹದಿನೇಳಕ್ಕೆ ತರುವಾಗ, ಇನ್ನೂ ಕೆಳಗೆ ಇಟ್ಟೇ ಇಲ್ಲ, ಮೇಲೆ ಹಾರಿಸುತ್ತಿದ್ದೇನೆ ಅಷ್ಟೇ, ಬೆರಳು ಹೇಗೆ ಎದ್ದಿತು ಎಂದರೆ ಮಂಚ ಅಲ್ಲಾಡಿತು. ನಿಮ್ಮ ನಿಯಮವೇ ಸರಿ ಅಣ್ಣಾ, ಮೇಲೆ ಹಾರುವ ಹಾಗೂ ಇಲ್ಲ.

ಎರಡು ತಿಂಗಳಿಂದ ಅವರು ತಕರಾರು ಮಾಡುತ್ತಿದ್ದರು. ನಾನು ಅದನ್ನು ಅಪ್ಪಣೆ ಎಂದುಕೊಂಡೆ. ಅವರು ಬೇಡ ಬೇಡ ಎಂದಷ್ಟೂ ನಾನು ವಿಮಾನ ಅಲ್ಲೇ ಕೂರಿಸಿ, ಅದಕ್ಕೇ ಹೊಂದುವ ಮಾತು ಹುಡುಕಿ ನಿಮಗೆ ಬರೆದೆ. ಮಗ ಬಸವಕುಮಾರ್ ಅಂಗಡಿಯಿಂದ ಬಂದ ಮೇಲೆ ಅವನ ಎದುರಿಗೂ ಮಾಡಿ ತೋರಿಸಿದೆ. "ಅಮ್ಮಾ, ಅಪ್ಪಂಗೆ ಎಲ್ಲಾ ಗೊತ್ತಾಗ್ತೈತೆ ಕಣಮ್ಮ" ಎಂದು ಅವನು ಗೋಡೆಗೆ ಒರಗಿಬಿಟ್ಟ. ಡಾಕ್ಟರೂ ನೋಡಿದರು. ಮಾತಿನ ದಾರಿ ಮಾತ್ರ ಕಟ್ಟಿದೆ, ತಿಳಿವಳಿಕೆ ಬಹಳಷ್ಟು ಉಳಿದಿರಬೇಕು, ಮಾತಿನ ಅಭ್ಯಾಸ ಶುರು ಮಾಡೋಣ ಎಂದರು. ಇದು ನಿಮ್ಮಿಂದ ಆದ ಉಪಕಾರ.

ಆದರೆ ಹಾಗಾದರೆ ಆ ಕಾಗದವೂ ಅವರಿಗೆ ಅರ್ಥವಾಗಿದೆ. ಅವತ್ತು ಅತ್ತದ್ದು ನರವಲ್ಲ.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಐವತ್ತು ವರ್ಷ ಈ ಮನೆಯಲ್ಲಿ ಟಿವಿ, ರೇಡಿಯೋ ಎಲ್ಲ ಜೋರು. "ನನ್ ಕಿವಿ ಮಂದ" ಎನ್ನುತ್ತಿದ್ದರು. ಪಿಸುಮಾತು ಮಾತ್ರ ಅಡುಗೆಮನೆಯಿಂದಲೇ ಕೇಳಿಸುತ್ತಿತ್ತು. ಅವರ ಆಸೆಯನ್ನು ನಮ್ಮ ಅತ್ತೆಯೂ ನೀವೂ ಸೇರಿ ಮುರಿದಿರಿ ಎಂದು ಹೊಟ್ಟೆ ಉರಿಯುತ್ತದೆ. ಮರುಗಳಿಗೆ, ಆ ಲಕೋಟೆ ಅವರ ಕೈ ಸೇರಿದ್ದರೆ ಅವರು ಎಲ್ಲೋ ಇರುತ್ತಿದ್ದರು, ನಾನು ಯಾರ ಮನೆಯಲ್ಲೋ, ಬಸವಕುಮಾರ್ ಹುಟ್ಟುತ್ತಲೇ ಇರಲಿಲ್ಲ. ನಿಮ್ಮನ್ನು ಬೈಯಬೇಕೋ ಏನೋ, ನಾಲ್ಕು ದಿನದಿಂದ ಯೋಚಿಸಿದರೂ ಬಗೆಹರಿದಿಲ್ಲ.

ಬಸ್ಸು ಹತ್ತಬಹುದಾದ ದಿನ ಬನ್ನಿ. ಕಾಗದದಲ್ಲಿ ಮುಗಿಯುವುದಲ್ಲ ಇದು.

ಗುರುಸಿದ್ದಮ್ಮ


ಬಸ್ತಿಹಳ್ಳಿ
೨೦ ಸೆಪ್ಟೆಂಬರ್ ೨೦೨೪

ತಂಗಿ ಗುರುಸಿದ್ದಮ್ಮನವರಿಗೆ,

ಕ್ಷೇಮವಾಗಿ ಸೇರಿದೆ. ಜಾವಗಲ್‌ನಲ್ಲಿ ಅರ್ಧ ಗಂಟೆ ಬಸ್ಸು ನಿಂತಿತ್ತು. ನೀವು ಮೊದಲೇ ಚೀಲಕ್ಕೆ ಹಾಕಿದ್ದ ರೊಟ್ಟಿ ಅಲ್ಲೇ ತಿಂದೆ.

ನಿನ್ನೆ ಹೇಳದೆ ಎದ್ದು ಬಂದದ್ದಕ್ಕೆ ಕ್ಷಮಿಸಿ. ನೀವೇ ನೋಡಿದಿರಲ್ಲ. ಒಂದು ಗಂಟೆ ಅವನು ಗೋಡೆಯ ಕಡೆ ಮುಖ ಹಾಕಿಕೊಂಡು ಮಲಗಿದ್ದ. ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ. ಕೊನೆಗೆ ತಿರುಗಿದ. ಎಡಗೈ ಚಾಚಿದ. ತಬ್ಬಿಕೊಳ್ಳಲು ಕರೆಯುತ್ತಾನೆ ಎಂದು ಬಗ್ಗಿದೆ. ಕಿವಿ ಹಿಡಿದ! ಸ್ಕೂಲಿನ ಮೇಷ್ಟ್ರು ಹಿಡಿದ ಹಾಗೆ ಹಿಡಿದು ಹಿಂಡಿದ, ಬಿಡಲೇ ಇಲ್ಲ. ಮೆಷಿನ್ ಕಳಚಿ ಮಂಚದ ಕೆಳಗೆ ಬಿತ್ತು. ಆಮೇಲೆ ನನಗೆ ಪೂರ್ತಿ ನಿಶ್ಶಬ್ದ. ಅವನ ಬಾಯಿ ಆಡುತ್ತಿತ್ತು. ನೀವು ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದಿರಿ. ಅಳುತ್ತಿದ್ದಿರೋ ನಗುತ್ತಿದ್ದಿರೋ ಅದೂ ತಿಳಿಯಲಿಲ್ಲ. ಕೇಳಲು ಧೈರ್ಯ ಸಾಲದೆ ಮೆಷಿನ್ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಕಿವಿ ಇನ್ನೂ ಉರಿಯುತ್ತಿದೆ. ಅದಿರಲಿ. ಅವನು ಏನು ಹೇಳಿದ?

ನಂಜುಂಡಯ್ಯ


ಅರಸೀಕೆರೆ
27 ಸೆಪ್ಟೆಂಬರ್ 2024

ನಂಜಣ್ಣನವರಿಗೆ ಶರಣು.

ಅವರು ಏನೂ ಹೇಳಲಿಲ್ಲ. ಹೇಳುವ ಹಾಗಿದ್ದರೆ ತಾನೆ? ನಿಮ್ಮ ಕಿವಿ ಹಿಂಡಿದಷ್ಟು ಸಲವೂ "ಹೂಂ, ಹೂಂ, ಹೂಂ" ಎಂದರು. ಏಟಿಗೊಂದು ಎಣಿಸಿದ ಹಾಗೆ. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ನನಗೆ ಯಾವ ನರದ ದೌರ್ಬಲ್ಯವೂ ಇಲ್ಲ.

ನೀವು ಹೋದ ಮೇಲೆ ಬಹಳ ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದರು. ಗಂಜಿ ಕುಡಿಸುತ್ತಾ ಕೇಳಿದೆ: "ನಂಜಣ್ಣನ್ ಮೇಲೆ ಇನ್ನೂ ಸಿಟ್ಟೈತಾ?"

"ಹೂಂ" ಎಂದರು.

"ಮತ್ತೆ ಬರ್ಲಿ ಅಂತ ಕಾಗ್ದ ಹಾಕ್ಲಾ?"

"ಹೂಂ."

ಎಂದಿನಂತೆ ಎರಡಕ್ಕೂ ಅದೇ ಉತ್ತರ. ಇಷ್ಟು ತಿಂಗಳು ಯಾವುದು ನಿಜ, ಯಾವುದು ಬಾಯಿಗೆ ಬಂದದ್ದು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಆ ಹೊತ್ತು ಮಾತ್ರ ಎರಡೂ ನಿಜ ಎನ್ನಿಸಿತು.

ಗುರುವಾರ ಬನ್ನಿ. ಸಿಟ್ಟು ಇರುವುದಾದರೆ ಎದುರಿಗೇ ಇರಲಿ.

ಗುರುಸಿದ್ದಮ್ಮ